ಸಂಗಮ್ಮನ ರಕ್ತ, ಸಾಲಗುಂದದ ಸಂಬಂಧ

ಸಂಗಮ್ಮನ ಬೆರಳು ಸುಟ್ಟದ್ದು ಮೊದಲು ಕಂಡದ್ದು ಹುಸೇನ್‌ಬೀಗೆ. ಸಂಗಮ್ಮನಿಗೆ ಅದರ ಅರಿವೇ ಇರಲಿಲ್ಲ.

ಮಸ್ಕಿಯ ಹಳೇ ಪೇಟೆಯ ಹಿಂದಿನ ಓಣಿಯಲ್ಲಿ ಇಬ್ಬರೂ ಒಂದೇ ಒಲೆಯ ಎರಡು ಕಡೆ ಕೂತು ರೊಟ್ಟಿ ಮಾಡುತ್ತಿದ್ದರು. ಹುಸೇನ್‌ಬೀ ಪಕ್ಕದ ಮನೆಯವಳು. ಮೊದಲು ಕೂಲಿಗೆ ಅಂತ ಬಂದವಳು, ಆಮೇಲೆ ಗೆಳತಿಯಾದಳು. ಮದುವೆ ಮನೆಯವರು, ಖಾನಾವಳಿಯವರು, ಯಾರಿಗೆ ಜೋಳದ ರೊಟ್ಟಿ ಬೇಕಾದರೂ ಸಂಗಮ್ಮನಿಗೇ ಹೇಳಿ ಕಳಿಸುತ್ತಿದ್ದರು. ಅವತ್ತು ಸಂಗಮ್ಮ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ಒತ್ತಿ ತಿರುವಿದಳು. ಕೈ ಹಂಚಿಗೆ ತಾಗಿತ್ತು, ಆದರೂ ತೆಗೆಯಲಿಲ್ಲ. ಸುಟ್ಟ ಚರ್ಮದ ವಾಸನೆ ಹುಸೇನ್‌ಬೀಯ ಮೂಗಿಗೆ ಬಡಿಯಿತು.

"ಯಕ್ಕಾ, ಕೈ ತೆಗಿ. ಬೆರಳು ನೋಡಿಲ್ಲಿ."

ಸಂಗಮ್ಮ ನೋಡಿದಳು. ಎರಡು ಬೆರಳ ತುದಿ ಬಿಳಚಿಕೊಂಡು ಬೊಬ್ಬೆ ಏಳುತ್ತಿತ್ತು.

"ಬಿಸಿ ಹತ್ತಲಿಲ್ಲೇನ?"

"ಇಲ್ಲಲ್ಲ," ಎಂದಳು ಸಂಗಮ್ಮ. ಹಾಗೆಂದು ಮತ್ತೊಂದು ಹಿಟ್ಟಿನ ಉಂಡೆ ಕೈಗೆ ತೆಗೆದುಕೊಂಡಳು.

ಸುಮ್ಮನೆ ಕೂರುವುದು ಅವಳಿಗೆ ಗೊತ್ತಿಲ್ಲದ ವಿದ್ಯೆ. ತವರು ಪಾಮನಕಲ್ಲೂರಿನಲ್ಲಿ ಹುಡುಗಿಯಾಗಿದ್ದಾಗಲೂ ಹಾಗೇ. ಊಟದ ಮಧ್ಯೆ ಎರಡು ಸಲ ಎದ್ದು ಬರುವ ಹುಡುಗಿ ಅಂತ ಅವರವ್ವ ಬೈಯುತ್ತಿದ್ದಳು. ಗಂಡ ಶಿವಕಾಂತ ಇದಕ್ಕೆ ತದ್ವಿರುದ್ಧ. ಬಸ್ ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ ಇಟ್ಟುಕೊಂಡು, ಗಿರಾಕಿ ಬಂದರೂ ಬರದಿದ್ದರೂ ಒಂದೇ ಮುಖದಲ್ಲಿ ಕೂರುವ ಮನುಷ್ಯ. ಒಬ್ಬಳೇ ಮಗಳು ಐಶ್ವರ್ಯ. ಸಿಂಧನೂರಿನ ಕಾಲೇಜಿನಲ್ಲಿ ಬಿಎಸ್ಸಿ ಎರಡನೇ ವರ್ಷ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. "ನನ್ನ ಮಗಳು ಡಿಗ್ರಿ ಮುಗಿಸಿ ಆಮ್ಯಾಲ ಮದುವಿ," ಅಂತ ಸಂಗಮ್ಮ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡಿದ್ದಳು.

ಆದರೆ ವರ್ಷದಿಂದ ಮೈ ಅವಳ ಮಾತು ಕೇಳುತ್ತಿರಲಿಲ್ಲ. ನೀರಿನ ಕೊಡ ಎತ್ತಿದರೆ ಎದೆ ಡವಡವ ಅನ್ನುತ್ತಿತ್ತು. ನಾಲಿಗೆ ಸಿಪ್ಪೆ ಸುಲಿದ ಹಾಗೆ ಕೆಂಪಾಗಿ, ಶೇಂಗಾ ಚಟ್ನಿ ತಾಗಿದರೆ ಕಣ್ಣಲ್ಲಿ ನೀರು. ಅಂಗಾಲಲ್ಲಿ ಇರುವೆ ಹರಿದಂತೆ. ಓಣಿಯ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, "ರಕ್ತ ಕಮ್ಮಿ ಆಗೇದ," ಎಂದು ಕೆಂಪು ಟಾನಿಕ್ ಬರೆದು ಕೊಟ್ಟಿದ್ದರು. ಬಹಳ ಸುಸ್ತಾದಾಗ ಒಂದು ಬಾಟಲಿ ಸಲೈನ್ ಏರಿಸುತ್ತಿದ್ದರು. ಬಾಟಲಿ ಏರಿದ ದಿನ ಜೀವ ಬಂದಂತಾಗುತ್ತಿತ್ತು. ಮರುದಿನ ಮತ್ತೆ ಅದೇ ಪಾಡು. ಟಾನಿಕ್ ಮುಗಿದಂತೆಲ್ಲ ಹೊಸದು ತಂದು ಕುಡಿದಳು. ಮುಖ ಮಾತ್ರ ದಿನೇ ದಿನೇ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು.

ಮಳೆಗಾಲ ಮುಗಿಯುತ್ತಾ ಬಂದಾಗ ಓಣಿಗೆಲ್ಲ ಜ್ವರ ಬಂತು, ಸಂಗಮ್ಮನಿಗೂ ಬಂತು. ಡೆಂಗ್ಯೂ ಇರಬೇಕೆಂದು ಶಿವಕಾಂತ ಸಿಂಧನೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ರಕ್ತ ತೆಗೆದು ನೋಡಿದರು. ಪ್ಲೇಟ್ಲೆಟ್ ಕಡಿಮೆ ಇತ್ತು. ಅದು ಆಗ ಎಲ್ಲರಿಗೂ ಕಡಿಮೆಯೇ. ಹುಸೇನ್‌ಬೀ ಪಪ್ಪಾಯಿ ಎಲೆ ಅರೆದು ರಸ ಕುಡಿಸಿದಳು. ಜ್ವರ ಇಳಿಯಿತು. ಓಣಿಯವರೆಲ್ಲ ಎದ್ದು ಕೆಲಸಕ್ಕೆ ಹೋದರು. ಸಂಗಮ್ಮನ ರಕ್ತ ಮಾತ್ರ ಮೇಲೇಳಲಿಲ್ಲ. ಎರಡನೇ ಸಲ ನೋಡಿದಾಗ ಪ್ಲೇಟ್ಲೆಟ್ ಅಷ್ಟೇ ಅಲ್ಲ, ಬಿಳಿ ಕಣವೂ ಕಡಿಮೆ, ಕೆಂಪು ಕಣವೂ ಕಡಿಮೆ.

"ಮೂರೂ ಬಿದ್ದಾವ," ಎಂದರು ಅಲ್ಲಿನ ಎಳೆಯ ಡಾಕ್ಟರು. ಹೊರಗೆ ಜ್ವರದ ಜನ ಬಾಗಿಲವರೆಗೂ ನಿಂತಿದ್ದರು. "ಇದು ಬರೇ ಡೆಂಗ್ಯೂ ಅಲ್ಲ. ರಾಯಚೂರಿಗೆ ಹೋಗ್ರಿ. ಎಲುಬಿನ್ಯಾಗ ಸೂಜಿ ಹಾಕಿ, ಒಳಗಿನ ನೆಣ ತಗದು ಟೆಸ್ಟ್ ಮಾಡಬೇಕಾಗ್ತದ."

ಶಿವಕಾಂತ ಔಷಧಿ ತರಲು ಹೋದಾಗ ಸಂಗಮ್ಮ ಹೊರಗಿನ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿದ್ದ ತುರ್ವಿಹಾಳದ ಹೆಂಗಸು ಏನಾಗೈತಿ ಅಂತ ಕೇಳಿದಳು. ಸಂಗಮ್ಮ ಹೇಳಿದಳು.

"ನಮ್ಮ ಮೈದುನಗೂ ಹಂಗ ಎಲುಬಿನ್ಯಾಗ ಸೂಜಿ ಹಾಕಿದ್ರು. ಬ್ಲಡ್ ಕ್ಯಾನ್ಸರ್ ಅಂದ್ರು."

"ಈಗ ಹ್ಯಾಂಗದಾರ?"

ಆ ಹೆಂಗಸು ಸೆರಗು ಸರಿ ಮಾಡಿಕೊಂಡು ಬೇರೆ ಕಡೆ ನೋಡಿದಳು.

ಬಸ್ಸಿನಲ್ಲಿ ಮಸ್ಕಿಗೆ ವಾಪಸು ಬರುವಾಗ ಸಂಗಮ್ಮ ಆ ಹೆಂಗಸಿನ ಮಾತನ್ನು ಗಂಡನಿಗೆ ಹೇಳಿದಳು. ಮನೆಗೆ ಬಂದವಳೇ ಕಪಾಟಿನ ಪಾತ್ರೆಗಳನ್ನೆಲ್ಲ ಇಳಿಸಿ ತಿಕ್ಕಲು ಕೂತಳು. ಅರ್ಧಕ್ಕೆ ಉಸಿರು ಸೋತು ಗೋಡೆಗೆ ಒರಗಿದಳು. ಸ್ವಲ್ಪ ಹೊತ್ತಿಗೆ ಎದ್ದು ಹಾಸಿಗೆಯ ಟ್ರಂಕು ತೆಗೆದಳು, ಮುಚ್ಚಿದಳು. ಉಪ್ಪಿನಕಾಯಿ ಭರಣಿಯ ಬಾಯಿಗೆ ಹೊಸ ಬಟ್ಟೆ ಕಟ್ಟಿದಳು. ಯಾವ ಕೆಲಸವೂ ಮುಗಿಯುವ ತನಕ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಮರುದಿನ ಐಶ್ವರ್ಯ ಕಾಲೇಜಿಗೆ ಹೊರಟಾಗ ಜಡೆ ಹಾಕುವ ನೆಪದಲ್ಲಿ ಅವಳನ್ನು ನಿಲ್ಲಿಸಿಕೊಂಡಳು. ಬಸ್ ತಪ್ಪುತ್ತದೆ ಅಂದರೂ ಬಿಡದೆ ಒಂದೇ ಜಡೆಯನ್ನು ಮತ್ತೆ ಮತ್ತೆ ಬಿಚ್ಚಿ ಹೆಣೆದಳು.

ಶಿವಕಾಂತ ರಾಯಚೂರಿಗೆ ಹೊರಡೋಣ ಅಂದ. ಅವಳು ಒಪ್ಪಲಿಲ್ಲ.

"ಮೊದಲ ಐಶೂಂದು ಒಂದು ದಡ ಮುಟ್ಟಲಿ."

"ದವಾಖಾನಿ ಮೊದಲು. ಅದು ಆಮ್ಯಾಲ."

"ದವಾಖಾನಿಗೆ ಹೋದ್ರ ರೋಗಕ್ಕ ಹೆಸರು ಬೀಳತೈತ್ರಿ. ಅವ್ವಗ ಅಂಥಾ ರೋಗ ಐತಿ ಅಂತ ಗೊತ್ತಾದ್ರ ಹುಡುಗೀನ ಯಾರ್ ಮಾಡ್ಕೋತಾರ?"

ಶಿವಕಾಂತ ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೊರಟ. ಅವನ ಆ ಸ್ವಭಾವ ಅವಳಿಗೆ ಗೊತ್ತಿತ್ತು. ಹೆಚ್ಚು ಹೊತ್ತು ವಾದ ಮಾಡುವವನಲ್ಲ.

ಅವಳು ಪಾಮನಕಲ್ಲೂರಿಗೆ ಹೋಗಿ ಅಣ್ಣ ಬಸ್ಸಪ್ಪನನ್ನು ಕಂಡಳು. ಸಾಲಗುಂದದಿಂದ ಹೋದ ವರ್ಷ ಒಂದು ಸಂಬಂಧ ಬಂದಿತ್ತು. ಹುಡುಗ ಸಿದ್ದಲಿಂಗೇಶ, ಅಕ್ಕಿ ಗಿರಣಿಯಲ್ಲಿ ಕೆಲಸ, ಮನೆಯಲ್ಲಿ ತಾಯಿ, ಕಾಲುವೆ ನೀರಿನ ಗದ್ದೆ. ಆಗ ಸಂಗಮ್ಮನೇ ಬೇಡ ಅಂದಿದ್ದಳು.

"ಈಗೇನ ಅಷ್ಟ ಅವಸರ?" ಎಂದು ಬಸ್ಸಪ್ಪ ಕೇಳಿದ.

"ಮನಸ ಬದಲಾತು ಅಣ್ಣಾ. ನೀ ಮಾತಾಡು."

ಮಾತಾಯಿತು. ಸಾಲಗುಂದದವರು ಹುಡುಗಿಯನ್ನು ನೋಡಲು ಬಂದ ದಿನ ಸಂಗಮ್ಮ ಮುಖಕ್ಕೆ ಅರಿಶಿಣ ತುಸು ಹೆಚ್ಚೇ ಬಳಿದುಕೊಂಡಳು, ಬಿಳಚಿದ್ದು ಕಾಣದಿರಲಿ ಅಂತ. ಉಪ್ಪಿಟ್ಟಿನ ತಾಟು ಹಿಡಿದು ಬರುವಾಗ ನೆಲ ತೂಗಿದಂತಾಗಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹುಡುಗನ ತಾಯಿ, "ಯಾಕ್ರೀ ಬೀಗ್ತಿ, ಆರಾಮಿಲ್ಲೇನು?" ಎಂದು ಕೇಳಿದಳು. "ಜ್ವರ ಬಂದು ಹೋಗ್ಯಾವ್ರೀ, ಅದ ಸುಸ್ತು," ಎಂದಳು ಸಂಗಮ್ಮ. ಹುಡುಗ ಒಳ್ಳೆಯವನ ಹಾಗೆ ಕಂಡ. ತಲೆ ತಗ್ಗಿಸಿ ಕೂರದೆ, ಐಶ್ವರ್ಯಳಿಗೆ ಯಾವ ಸಬ್ಜೆಕ್ಟ್ ಇಷ್ಟ ಅಂತ ಕೇಳಿದ. ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿ ಮಾತು ಗಟ್ಟಿ ಮಾಡಿದರು.

ಅವರು ಹೋದ ಮೇಲೆ ಹುಸೇನ್‌ಬೀ ತಾಟು ತೊಳೆಯುತ್ತಾ, "ನಿನ್ನ ಜಡ್ಡು ಅವರಿಗೆ ಹೇಳಬೇಕಿತ್ತು ಯಕ್ಕಾ. ಇವತ್ತಿಲ್ಲ ನಾಳೆ ಗೊತ್ತಾಗಂಗಿಲ್ಲೇನು," ಎಂದಳು. ಸಂಗಮ್ಮ ಕೇಳದವಳಂತೆ ಒಲೆಯ ಬೂದಿ ಬಳಿದಳು.

ಐಶ್ವರ್ಯಳಿಗೆ ಅವ್ವನ ಜಡ್ಡಿನ ವಿಷಯ ತಿಳಿದದ್ದು ಅಪ್ಪನಿಂದ. ಅಂಗಡಿಗೆ ಹೋಗಿ ಎದುರಿಗೆ ನಿಂತು ಕೇಳಿದಾಗ ಶಿವಕಾಂತನಿಗೆ ಸುಳ್ಳು ಹೇಳಲಾಗಲಿಲ್ಲ. ಸಿಂಧನೂರಿನ ಡಾಕ್ಟರು ಹೇಳಿದ್ದನ್ನೂ, ಬೆಂಚಿನ ಮೇಲಿನ ಹೆಂಗಸು ಹೇಳಿದ್ದನ್ನೂ ಹೇಳಿಬಿಟ್ಟ. ಅವಳು ಮನೆಗೆ ಬಂದಳು. ಅಳುತ್ತಿರಲಿಲ್ಲ. ಸಿಟ್ಟಿನಲ್ಲಿದ್ದಳು.

"ನೀ ಹೇಳಿದ್ದು ನಾ ಕೇಳೀನಿ. ಈಗ ನಾ ಹೇಳಿದ್ದು ನೀ ಕೇಳಬೇಕು ಯವ್ವಾ. ರಾಯಚೂರು ಬ್ಯಾಡಂದ್ರ ಬ್ಯಾಡ. ಲಿಂಗಸುಗೂರಿಗೆ ಬಾ. ನನ್ನ ಗೆಳತಿ ದೀಪಿಕಾನ ಅಜ್ಜಿನ್ನ ಅಲ್ಲೊಬ್ಬ ಡಾಕ್ಟರಮ್ಮ ನೋಡ್ಯಾರ. ಅವರು ಕುಂತು ಕೇಳ್ತಾರಂತ."

ಡಾಕ್ಟರ್ ಪದ್ಮಾವತಿ ಐವತ್ತು ದಾಟಿದವರು, ಆ ಕಡೆಯವರೇ. ಸಿಂಧನೂರಿನ ಕಾಗದಗಳನ್ನು ಓದಿ ಪಕ್ಕಕ್ಕಿಟ್ಟು, "ನಾಲಿಗಿ ತೋರಸ್ರೀ," ಎಂದರು. ನೋಡಿದರು. ಒಂದು ಉಕ್ಕಿನ ಕವಲುಕಡ್ಡಿಯನ್ನು ಮೇಜಿಗೆ ಬಡಿದು, ಅದು ಗುಂಯ್ ಅನ್ನುತ್ತಿರುವಾಗಲೇ ಸಂಗಮ್ಮನ ಕಾಲಿನ ಗಂಟಿಗೆ ಇಟ್ಟರು.

"ನಡುಗೋದು ಗೊತ್ತಾಗಾಕತ್ತದೇನು?"

"ಏನು ನಡುಗೋದ್ರೀ?"

ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ಸಂಗಮ್ಮ ಓಲಾಡಿ ಮಗಳ ಭುಜ ಹಿಡಿದುಕೊಂಡಳು. ಆಗ ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಊಟದ ಬಗ್ಗೆ ಕೇಳಲು ಶುರು ಮಾಡಿದರು.

"ದಿನಾ ಏನು ಉಣ್ತೀರಿ?"

"ರೊಟ್ಟಿ, ಚಟ್ನಿ. ಪುಂಡಿಪಲ್ಯ."

"ಹಾಲು, ಮೊಸರು?"

"ಹೊಟ್ಟಿ ಉರೀತದಂತ ಬಿಟ್ಟೀನ್ರಿ. ಚಾದಾಗೂ ಹಾಲು ಹಾಕಂಗಿಲ್ಲ."

"ತತ್ತಿ?"

"ನಾವು ಲಿಂಗಾಯತರ್ರೀ," ಎಂದಳು ಸಂಗಮ್ಮ, ಅಷ್ಟೂ ಗೊತ್ತಿಲ್ಲವೇ ಎಂಬಂತೆ.

"ಹೊಟ್ಟಿ ಉರಿಗೆ ಏನು ತಗೋತೀರಿ?"

ಐಶ್ವರ್ಯಳೇ ಹೇಳಿದಳು. ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಕೊಡುವ ಗ್ಯಾಸಿನ ಗುಳಿಗೆ, ಬೆಳಗಾದರೆ ಒಂದು, ವರ್ಷಗಟ್ಟಲೆಯಿಂದ.

ಡಾಕ್ಟರು ರಕ್ತ ತೆಗೆಸಿದರು. ಲ್ಯಾಬಿನ ಹುಡುಗ ಶಾವಲಿ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿಕೊಟ್ಟ. ಅವರೇ ಹೋಗಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿ ಬಂದರು. ಅಷ್ಟರಲ್ಲಿ ಸಂಗಮ್ಮ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಎಷ್ಟೋ ಸಲ ಓಡಾಡಿದ್ದಳು.

"ಕುಂದ್ರಮ್ಮ," ಎಂದರು ಡಾಕ್ಟರು. "ರಕ್ತದ ಕಣ ಕಡಿಮಿ ಆಗಾಕ ದಾರಿ ಭಾಳ ಅದಾವ. ಡೆಂಗ್ಯೂ ಬಂದ್ರ ಪ್ಲೇಟ್ಲೆಟ್ ಇಳೀತದ. ಕೆಲವು ಜ್ವರದಾಗ ಬಿಳಿ ಕಣಾನೂ ಇಳೀತದ. ಕಬ್ಬಿಣದಂಶ ಸಾಲದಿದ್ರ ಕೆಂಪು ಕಣ ಇಳೀತದ. ಕೆಲವು ಗುಳಿಗಿ, ಹೊಲಕ್ಕ ಹೊಡಿಯೋ ಕೆಲವು ಎಣ್ಣಿ-ಔಷಧ, ಯಕೃತ್ತಿನ ರೋಗ, ಇವೂ ಇಳಸ್ತಾವ. ಮೂರೂ ಕೂಡಿ ಇಳಿದ್ರ ಎಲ್ಲಾರೂ ಕ್ಯಾನ್ಸರಿಗೆ ಅಂಜ್ತಾರ. ಅಂಜೋದು ತಪ್ಪಲ್ಲ. ಆದ್ರ ನಮ್ಮ ಕಡೆ ಅದಕ್ಕಿಂತ ಹೆಚ್ಚು ನಾ ನೋಡೋದು ಇನ್ನೊಂದು. ಬಿ ಹನ್ನೆರಡು ಅಂತ ಒಂದು ಜೀವಸತ್ವ. ಅದು ಹಾಲು, ಮೊಸರು, ತತ್ತಿ, ಮಾಂಸದಾಗ ಇರ್ತದ. ನೀವು ಅದರಾಗ ಹಾಲು-ಮೊಸರನೂ ಬಿಟ್ಟೀರಿ. ಒಳಗ ಹೋದ ಅಷ್ಟಿಷ್ಟೂ ಗ್ಯಾಸಿನ ಗುಳಿಗಿ ಮೈಗೆ ಹತ್ತಗೊಡಂಗಿಲ್ಲ."

"ಒಂದು ವರ್ಷ ಟಾನಿಕ್ ಕುಡದೀನಲ್ರೀ."

"ಅದು ಕಬ್ಬಿಣದ್ದು. ಹಿಟ್ಟು ತಂದು ಸುರಿದಂಗ. ನೀರ ಇಲ್ಲಂದ್ರ ನಾದೋದು ಹ್ಯಾಂಗ? ನಿಮ್ಮ ಕೆಂಪು ಕಣ ಕಡಿಮಿ ಅದಾವ, ಆದ್ರ ಒಂದೊಂದೂ ಊದಿಕೊಂಡು ದೊಡ್ಡವಾಗ್ಯಾವ. ಕಬ್ಬಿಣ ಸಾಲದಿದ್ರ ಅವು ಸಣ್ಣವಾಗಬೇಕಿತ್ತು. ಕಾಲು ಜೋಮು ಹಿಡಿಯೋದೂ ಇದರಿಂದನ."

ಸಂಗಮ್ಮ ಕೇಳಬೇಕಾದದ್ದನ್ನು ಕೇಳಿಯೇ ಬಿಟ್ಟಳು. "ಹಂಗಾದ್ರ ಕ್ಯಾನ್ಸರ್ ಅಲ್ಲೇನ್ರೀ?"

"ಕೆಟ್ಟ ಕಣ ಒಂದೂ ಕಾಣಲಿಲ್ಲ. ಆದ್ರ ಇವತ್ತ ಪ್ರಮಾಣ ಮಾಡಿ ಹೇಳಂಗಿಲ್ಲ. ಇಂಜೆಕ್ಷನ್ ಶುರು ಮಾಡೋಣ. ಇದ ಕಾರಣ ಇದ್ರ ಒಂದು ವಾರದಾಗ ರಕ್ತ ಏರಾಕ ಹತ್ತತದ. ಏರಲಿಲ್ಲಂದ್ರ ನೀವು ರಾಯಚೂರಿಗೆ ಹೋಗಲೇಬೇಕು. ಆಗ ನೆಪ ಹೇಳಬಾರದು."

ಆ ವಾರ ಸಂಗಮ್ಮನಿಗೆ ಹಿಂದಿನ ತಿಂಗಳಿಗಿಂತ ಕಷ್ಟವಾಯಿತು. ಸಾಯುತ್ತೇನೆ ಅಂತ ಗಟ್ಟಿ ಮಾಡಿಕೊಂಡಾಗ ಮಾಡುವ ಕೆಲಸ ಕಣ್ಣ ಮುಂದೆ ಇತ್ತು. ಈಗ ಬದುಕಬಹುದು ಅಂದದ್ದೇ ಅವಳನ್ನು ನಿಂತಲ್ಲಿ ನಿಲ್ಲಗೊಡಲಿಲ್ಲ. ಇಂಜೆಕ್ಷನ್ ಮಾಡಿಸಿಕೊಂಡು ಬಂದ ಪ್ರತಿ ಸಲ ಕನ್ನಡಿಯಲ್ಲಿ ರೆಪ್ಪೆ ಎಳೆದು ನೋಡುವಳು. ಹುಸೇನ್‌ಬೀಯನ್ನು ಕರೆದು, "ಕೆಂಪಗಾಗ್ಯಾವೇನ ನೋಡ," ಎನ್ನುವಳು. "ಮುಂಜಾನಿ ನೋಡೀನಲ್ಲ ಯಕ್ಕಾ, ಅಷ್ಟ ಅದಾವ," ಎನ್ನುವಳು ಹುಸೇನ್‌ಬೀ. ಬಸ್ಸಪ್ಪ ಫೋನು ಮಾಡಿ, ಸಾಲಗುಂದದವರು ಮುಹೂರ್ತ ಕೇಳುತ್ತಿದ್ದಾರೆ ಅಂದ. ನೋಡೋಣ ಅಂದು ಇಟ್ಟಳು. ಸಂಜೆ ಹಿತ್ತಲಲ್ಲಿ ಐಶ್ವರ್ಯ ಫೋನಿನಲ್ಲಿ ಯಾರೊಂದಿಗೋ ನಗುತ್ತಾ ಮಾತಾಡುವುದು ಕೇಳಿಸಿತು. ಗೆಳತಿ ಇರಬೇಕು ಅಂದುಕೊಂಡಳು.

ನಾಲ್ಕೈದು ದಿನಕ್ಕೆ ಊಟ ರುಚಿಸತೊಡಗಿತು. ಅದನ್ನೂ ನಂಬಲಿಲ್ಲ.

ವಾರ ಕಳೆದು ಲಿಂಗಸುಗೂರಿಗೆ ಹೋದಾಗ ಶಿವಕಾಂತನೂ ಅಂಗಡಿ ಮುಚ್ಚಿ ಬಂದ. ಶಾವಲಿ ರಕ್ತ ತೆಗೆದುಕೊಂಡು ಒಳಗೆ ಹೋದ. ಅವನು ಹೊರಗೆ ಬರುವವರೆಗೂ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಏರ್ಯಾವ," ಎಂದರು ಡಾಕ್ಟರು. "ಮೂರೂ ಏರ್ಯಾವ. ಇನ್ನ ರಾಯಚೂರು ಬೇಕಾಗಿಲ್ಲ. ಇಂಜೆಕ್ಷನ್ ನಡೀಲಿ, ಗ್ಯಾಸಿನ ಗುಳಿಗಿ ನನ್ನ ಕೇಳದ ತಗೋಬ್ಯಾಡ್ರಿ. ಕೈಕಾಲಿನ ಜೋಮು ಹೋಗಾಕ ಭಾಳ ತಡ ಆಗ್ತದ. ಸುಡೋದು ಗೊತ್ತಾಗೂ ತನಕ ಹಂಚಿಗೆ ಬಟ್ಟಿ ಹಿಡೀರಿ."

ಶಿವಕಾಂತ ಎದ್ದು ಹೊರಗೆ ಹೋಗಿ ಬಾಗಿಲ ಹತ್ತಿರ ಬೆನ್ನು ತಿರುಗಿಸಿ ನಿಂತ. ಅವನ ಹೆಗಲು ಅಲುಗುವುದು ಒಳಗಿನಿಂದ ಕಾಣುತ್ತಿತ್ತು. ಡಾಕ್ಟರು ಅಷ್ಟರಲ್ಲಿ ಐಶ್ವರ್ಯಳ ಮುಖವನ್ನೇ ನೋಡುತ್ತಿದ್ದರು. ಅವಳ ರೆಪ್ಪೆಯನ್ನೂ ಎಳೆದು ನೋಡಿ, ಅವಳ ರಕ್ತವನ್ನೂ ತೆಗೆಸಿದರು. ಅದೂ ಕಡಿಮೆಯೇ. ಆದರೆ ಕೆಂಪು ಕಣ ಮಾತ್ರ. ತಿಂಗಳು ತಿಂಗಳು ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತದೆ, ಬೆಳಿಗ್ಗೆ ಬಸ್ಸಿನ ಅವಸರಕ್ಕೆ ಉಪವಾಸ ಓಡುತ್ತಾಳೆ ಅಂತ ಕೇಳಿ ತಿಳಿದುಕೊಂಡರು.

"ಅವ್ವನ ಕಣ ದೊಡ್ಡವು, ಮಗಳ ಕಣ ಸಣ್ಣವು. ಒಂದ ಮನಿ, ಕಾರಣ ಬ್ಯಾರೆ," ಎಂದರು. "ಇಕಿಗೆ ಕಬ್ಬಿಣದ ಗುಳಿಗಿ. ಅವ್ವನ ಔಷಧ ಮಗಳಿಗೆ ಕುಡಸಬ್ಯಾಡ್ರಿ."

ಸಂಗಮ್ಮ ನಕ್ಕಳು. ಬಸ್ಸು ಲಿಂಗಸುಗೂರು ದಾಟಿ ಮಸ್ಕಿಯ ಕಡೆ ಹೊರಳುವಷ್ಟರಲ್ಲಿ ಆ ನಗು ಆರಿತ್ತು. ಸಾಯುತ್ತೇನೆಂದು ಮಾಡಿದ ಕೆಲಸ ಒಂದು ಉಳಿದಿತ್ತು.

ಎರಡು ದಿನ ಯಾರಿಗೂ ಹೇಳದೆ ಅದನ್ನೇ ಮನಸ್ಸಿನಲ್ಲಿ ನಾದಿದಳು. ಮೂರನೇ ದಿನ ಸಿಂಧನೂರಿನ ಬಸ್ಸು ಹತ್ತಿ, ಅಲ್ಲಿಂದ ಸಾಲಗುಂದಕ್ಕೆ ಹೋದಳು. ಹುಡುಗನ ಮನೆಯ ಕಟ್ಟೆಯ ಮೇಲೆ ಭತ್ತದ ಚೀಲಗಳಿದ್ದವು. ಸಿದ್ದಲಿಂಗೇಶನೂ ಮನೆಯಲ್ಲೇ ಇದ್ದ. ಹುಡುಗನ ತಾಯಿ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ ಕೂರಿಸಿದಳು.

"ನಿಮ್ಮ ಮುಂದ ಒಂದು ಮುಚ್ಚಿಟ್ಟೀನ್ರಿ," ಎಂದು ಶುರು ಮಾಡಿದಳು ಸಂಗಮ್ಮ. ಮೂರೂ ಕಣ ಬಿದ್ದದ್ದು, ಕ್ಯಾನ್ಸರ್ ಅಂತ ಅಂಜಿದ್ದು, ಅದಕ್ಕೇ ಅವಸರ ಮಾಡಿದ್ದು, ಈಗ ಅದಲ್ಲ ಅಂತ ಆದದ್ದು, ಎಲ್ಲ ಹೇಳಿದಳು. "ನಾ ಈಗ ಸಾಯಂಗಿಲ್ಲಂತ. ಹುಡುಗೀದು ಡಿಗ್ರಿ ಮುಗೀಲಿ. ಅಲ್ಲೀತನಕ ನಿಲ್ಲಾಕ ಆಗ್ತದೇನ್ರಿ?"

ಹುಡುಗನ ತಾಯಿಯ ಮುಖ ಬಿಗಿಯಿತು. "ಅಂದ್ರ ನೀವು ಸಾಯೋದಿದ್ರ ನಮ್ಮ ಮನಿ ಛಲೋ ಇತ್ತು. ಬದುಕಿದ್ರ ಬ್ಯಾಡಾತೇನು?"

ಮಾತು ಸರಿಯಾಗಿಯೇ ಇತ್ತು.

"ನಾ ಅವತ್ತ ಬಾಯಿ ಬಿಟ್ಟು ಕೇಳೀನಿ, ಆರಾಮಿಲ್ಲೇನು ಅಂತ. ಜ್ವರ ಅಂದ್ರಿ."

"ಅಂದೆ. ತಪ್ಪಾತು."

ಚಹಾ ಬಂತು. ಆ ಮನೆಯವರು ಅಷ್ಟು ಮರ್ಯಾದೆಯನ್ನು ಬಿಡಲಿಲ್ಲ. ಸಂಗಮ್ಮ ಹಾಲಿನ ಚಹಾ ಪೂರ್ತಿ ಕುಡಿದಳು. ಹೊರಡುವಾಗ ಸಿದ್ದಲಿಂಗೇಶ ಬಾಗಿಲವರೆಗೂ ಬಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವು ಇಲ್ಲಿಗೆ ಬರೋದು ಐಶ್ವರ್ಯಗ ಗೊತ್ತೈತೇನ್ರಿ?"

ಸಂಗಮ್ಮ ಇಲ್ಲವೆಂದು ತಲೆಯಾಡಿಸಿದಳು.

ಮನೆಗೆ ಬಂದಾಗ ಐಶ್ವರ್ಯಳಿಗೆ ಆಗಲೇ ಗೊತ್ತಾಗಿತ್ತು. ಅವನೇ ಫೋನು ಮಾಡಿದ್ದ. ಹಿತ್ತಲಲ್ಲಿ ನಗುತ್ತಾ ಮಾತಾಡಿದ್ದು ಯಾರ ಜೊತೆ ಅಂತ ಸಂಗಮ್ಮನಿಗೆ ಆಗ ತಿಳಿಯಿತು.

"ಕೊಡುವಾಗ ನನ್ನ ಕೇಳಲಿಲ್ಲ," ಎಂದಳು ಐಶ್ವರ್ಯ. "ನೀ ಸಾಯ್ತಿ ಅಂತ ಗೊತ್ತಾದ ಮ್ಯಾಲ ನಾ ಸುಮ್ಮಕಾದೆ. ಬಿಡುವಾಗಲೂ ಕೇಳಲಿಲ್ಲ. ಈಗಂತೂ ಸಾಯಂಗಿಲ್ಲಲ್ಲ, ಒಂದು ಮಾತು ಕೇಳಾಕ ಏನಾಗಿತ್ತು?"

"ನಿನ್ನ ಓದಿಗಂತ ಹೋದೆ ಬೇ."

"ಓದೋದು ನಾನಲ್ಲ? ಅವನ ಜೋಡಿ ನಾನ ಮಾತಾಡ್ತಿದ್ದೆ, ಡಿಗ್ರಿ ಮುಗಸ್ತೀನಿ ಅಂತ. ಅವನೂ ಹೂಂ ಅಂತಿದ್ದ."

ಆಮೇಲೆ ಬಹಳ ದಿನ ಮನೆಯಲ್ಲಿ ಮಾತು ಕಡಿಮೆ. ಐಶ್ವರ್ಯ ಗುಳಿಗೆ ನುಂಗಿ, ಕಾಲೇಜಿಗೆ ಹೋಗಿ, ಬಂದು ಪುಸ್ತಕ ಹಿಡಿದು ಕೂರುವಳು. ಸಂಗಮ್ಮ ಬುತ್ತಿಯಲ್ಲಿ ಶೇಂಗಾ ಉಂಡೆ ಇಟ್ಟರೆ ಒಯ್ಯುವಳು, ಚೆನ್ನಾಗಿತ್ತು ಅನ್ನುತ್ತಿರಲಿಲ್ಲ. ಸಿದ್ದಲಿಂಗೇಶ ತಾಯಿಯನ್ನು ಒಪ್ಪಿಸಲು ನೋಡಿದನಂತೆ. ಆಗಲಿಲ್ಲ. ಯುಗಾದಿಗೆ ಮುಂಚೆ ತುರ್ವಿಹಾಳದ ಹುಡುಗಿಯೊಬ್ಬಳ ಜೊತೆ ಅವನ ಮದುವೆ ಗೊತ್ತಾಯಿತು ಅಂತ ಬಸ್ಸಪ್ಪ ಸುದ್ದಿ ತಂದ. ಐಶ್ವರ್ಯ ಕೇಳಿಸಿಕೊಂಡು, "ಛಲೋ ಆತು ಬಿಡ್ರಿ ಮಾವ," ಎಂದು ಒಳಗೆ ಹೋದಳು. ಅವತ್ತು ಸಂಗಮ್ಮನಿಗೆ ತನ್ನ ಕೈಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ. ಮಗಳ ಕೋಣೆಯ ಬಾಗಿಲವರೆಗೆ ಹೋಗಿ ಹೋಗಿ ವಾಪಸು ಬಂದಳು. ಕೊನೆಗೆ ಒಳಗೆ ಹೋಗಿ, ಅವಳ ಪಕ್ಕ ಕೂತು, "ನಿನ್ನ ಕೇಳಬೇಕಿತ್ತು," ಎಂದಳು. ಐಶ್ವರ್ಯ ಪುಸ್ತಕದ ಹಾಳೆ ತಿರುವಿದಳು. ಆದರೆ ಎದ್ದು ಹೋಗೆನ್ನಲಿಲ್ಲ.

ಈಗ ಐಶ್ವರ್ಯ ಕೊನೆಯ ವರ್ಷ ಓದುತ್ತಿದ್ದಾಳೆ. ಸಂಗಮ್ಮನ ರಕ್ತ ಸರಿಯಾಗಿದೆ. ಬೆರಳಿಗೆ ಬಿಸಿ ತಾಗುತ್ತದೆ, ಅಂಗಾಲಿನ ಜೋಮು ಪೂರ್ತಿ ಹೋಗಿಲ್ಲ. ತಿಂಗಳಿಗೊಮ್ಮೆ ಇಂಜೆಕ್ಷನ್, ದಿನಾ ಮಧ್ಯಾಹ್ನ ಒಂದು ಬಟ್ಟಲು ಮೊಸರು. ಓಣಿಯಲ್ಲಿ ಯಾರಾದರೂ "ರಕ್ತ ಕಮ್ಮಿ ಆಗೇದಂತ, ಟಾನಿಕ್ ತಂದೀನಿ" ಅಂದರೆ, ಯಾಕ ಕಮ್ಮಿ ಆತು ಅಂತ ಮೊದಲು ಕೇಳಿಕೊಂಡು ಬಾ ಅಂತ ಬೆನ್ನು ಹತ್ತುತ್ತಾಳೆ. ಕೆಲವರಿಗೆ ಅದು ಕಿರಿಕಿರಿ.

ಮೊನ್ನೆ ಬಸ್ಸಪ್ಪ ಮತ್ತೆ ಫೋನು ಮಾಡಿದ. ಸಿಂಧನೂರಿನದೇ ಒಂದು ಸಂಬಂಧ ಅಂತೆ, ಕೇಳುತ್ತಿದ್ದಾರೆ.

"ನನಗ ಹೇಳಬ್ಯಾಡ ಅಣ್ಣಾ. ಅಕಿ ಇಲ್ಲೇ ಅದಾಳ, ಅಕಿನ್ನ ಕೇಳು," ಎಂದು ಸಂಗಮ್ಮ ಫೋನನ್ನು ಮಗಳ ಕೈಗೆ ಕೊಟ್ಟಳು.

ಐಶ್ವರ್ಯ ಅದನ್ನು ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಸರಿಸಿಕೊಂಡಳು. ಮಾತು ಬೇಗ ಮುಗಿಯಲಿಲ್ಲ. ಸಂಗಮ್ಮ ಒಲೆಯ ಹತ್ತಿರ ಬಂದಳು, ಬಾಗಿಲಿಗೆ ಹೋದಳು, ಮತ್ತೆ ಒಲೆಗೆ ಬಂದಳು. ಏನು ಹೇಳುತ್ತಿದ್ದಾಳೋ ಕಿವಿಗೆ ಬೀಳಲಿಲ್ಲ.

"ಕುಂದರ ಯಕ್ಕಾ, ತಾನ ಬಂದು ಹೇಳ್ತಾಳ," ಎಂದಳು ಹುಸೇನ್‌ಬೀ.

"ಹೇಳ್ತಾಳೇನ?"

"ಹೇಳದಿದ್ರ ಬಿಡಲಿ."

ಸಂಗಮ್ಮ ಕೂತಳು. ಕೂತ ಮೇಲೂ ಕಣ್ಣು ಆ ಬಾಗಿಲ ಕಡೆಗೇ ಇತ್ತು.